ತಾಮ್ರದ ಕೋಣೆಯ ಹೊಸ್ತಿಲು

ಜಗತ್ತಿನ ಜಾಲತಾಣಗಳೆಲ್ಲ ಒಂದು ದಿನ ಎಲ್ಲರಿಗೂ ತಾವಾಗಿಯೇ ತೆರೆದುಕೊಂಡುಬಿಟ್ಟರೆ ಏನಾಗುತ್ತದೆ? ನಮ್ಮ ಕೇಂದ್ರದಲ್ಲಿ ಚಹಾದ ಹೊತ್ತಿಗೆ ಈ ಮಾತು ಬಂದಾಗಲೆಲ್ಲ ನಾನು, "ನಮ್ಮ ನೌಕರಿ ಹೋಗತೈತಿ, ಮತ್ತೇನು?" ಎಂದು ನಗುತ್ತಿದ್ದೆ. ಹಾಗೇ ಆಯಿತು. ಆದರೆ ನೌಕರಿಯ ಹಿಂದೆಯೇ ನನ್ನ ಗಂಡನ ದನಿಯೂ ಹೋಗುತ್ತದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ನಾನು ನೀಲಾಂಬಿಕೆ. ಹುಟ್ಟಿನಿಂದ ಕಣ್ಣಿಲ್ಲ. ನನ್ನ ಗಂಡ ದ್ಯಾಮಣ್ಣನಿಗೆ ಕಿವಿಯಿಲ್ಲ. ಹಸುಗೂಸಾಗಿದ್ದಾಗ ಬಂದ ಜ್ವರ ತೆಗೆದುಕೊಂಡು ಹೋಯಿತಂತೆ. ನಾವಿಬ್ಬರೂ ಹುಬ್ಬಳ್ಳಿಯಲ್ಲಿ, ಉಣಕಲ್ ಕೆರೆಯ ಆಚೆಗಿದ್ದ ಸುಗಮ ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಬ್ಯಾಂಕಿನವರು, ಬಸ್ಸಿನವರು, ಆಸ್ಪತ್ರೆಯವರು ತಮ್ಮ ಜಾಲತಾಣ ಮಾಡಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ಕಣ್ಣಿಲ್ಲದವರು, ಕಿವಿಯಿಲ್ಲದವರು, ಕೈ ನಡುಗುವವರು ಅದನ್ನು ಬಳಸಬಹುದೇ ಎಂದು ನೋಡಿ ಹೇಳುವುದು ನಮ್ಮ ಕೆಲಸ. ನನ್ನ ಕಂಪ್ಯೂಟರು ಪುಟವನ್ನು ಓದಿ ಹೇಳುತ್ತಿತ್ತು, ಎಷ್ಟು ವೇಗವಾಗಿ ಅಂದರೆ ಹೊರಗಿನವರಿಗೆ ಜೇನುಹುಳ ಗುಂಯ್‌ಗುಟ್ಟಿದಂತೆ ಕೇಳಿಸುತ್ತಿತ್ತಂತೆ. ಒತ್ತುವ ಗುಂಡಿಗಳಿಗೆ ಹೆಸರಿಡದ ಪುಟ ಬಂದರೆ ಅದು "ಬಟನ್, ಬಟನ್, ಬಟನ್" ಎಂದು ಬಡಬಡಿಸುತ್ತಿತ್ತು. ಯಾವ ಬಟನ್ ಒತ್ತಿದರೆ ದುಡ್ಡು ಬರುತ್ತದೆ, ಯಾವುದು ಒತ್ತಿದರೆ ಖಾತೆಯೇ ಮುಚ್ಚುತ್ತದೆ, ದೇವರೇ ಬಲ್ಲ. ಅಂಥ ಪುಟ ಮಾಡಿದವರನ್ನು ನಾನು ಬಾಯಿ ತುಂಬ ಬೈಯುತ್ತಿದ್ದೆ. ದ್ಯಾಮಣ್ಣ ಎದುರಿಗೆ ಕುಳಿತು ನನ್ನ ತುಟಿ ಓದಿ ನಗುತ್ತಿದ್ದ.

ಪರೀಕ್ಷೆ ನಡೆಯುತ್ತಿದ್ದುದು ತಾಮ್ರದ ಕೋಣೆಯಲ್ಲಿ. ಹೊರಗಿನ ಮೊಬೈಲು, ರೇಡಿಯೋ ಅಲೆಗಳು ಒಳಗೆ ಬಂದು ಗೊಂದಲ ಮಾಡಬಾರದೆಂದು ನಾಲ್ಕೂ ಗೋಡೆಗೆ, ಸೂರಿಗೆ, ನೆಲಕ್ಕೆ ತಾಮ್ರದ ಜಾಲರಿ ಹೊಡೆದಿದ್ದರು. ಆ ಜಾಲರಿಯನ್ನು ಬಾಗಿಲಲ್ಲಿ ಮಡಚಿ ಮುಚ್ಚಲು ಮೊಣಕಾಲೆತ್ತರದ ಹೊಸ್ತಿಲು ಮಾಡಿದ್ದರು. ಅಂಗವಿಕಲರು ಕೆಲಸ ಮಾಡುವ ಕೋಣೆಗೆ ಅಂಥ ಹೊಸ್ತಿಲು! ಕೆಲಸಕ್ಕೆ ಸೇರಿದ ದಿನ ನಾನು ಒಳಗೆ ಹೊರಟಾಗ ಎದುರಿನಿಂದ ಒಂದು ಒರಟು ಕೂಗು ಬಂತು. ಮಾತೋ, ಕೆಮ್ಮೋ ಗೊತ್ತಾಗಲಿಲ್ಲ. ಯಾರೋ ಹೆದರಿಸುತ್ತಿದ್ದಾರೆಂದುಕೊಂಡು ಇನ್ನೂ ಜೋರಾಗಿ ಹೆಜ್ಜೆಯಿಟ್ಟು ಮುಗ್ಗರಿಸಿ ಬಿದ್ದೆ. ಎತ್ತಲು ಬಂದ ಕೈಯೂ ಅದೇ ಕೂಗಿನವನದೇ. ಶಾಲೆಯಲ್ಲಿ ಮರದ ಅಕ್ಷರ ಮುಟ್ಟಿ ಕಲಿತವಳು ನಾನು. ನನ್ನ ಅಂಗೈ ಬಿಡಿಸಿ ಅದರ ಮೇಲೆ ಬೆರಳಿನಿಂದ ದೊಡ್ಡದಾಗಿ ಬರೆದ: ಹೊಸ್ತಿಲು.

ಅವನ ಮಾತಿನಲ್ಲಿ ಅರ್ಧ ಅಕ್ಷರ ಇರುತ್ತಿರಲಿಲ್ಲ. ಇದ್ದವೂ ಗಂಟಲಿನಲ್ಲಿ ಉಜ್ಜಿಕೊಂಡು ಬರುತ್ತಿದ್ದವು. ಚಹಾದಂಗಡಿಯವರು ನಕ್ಕು ನಕ್ಕು ಅವನಿಂದ ಎರಡೆರಡು ಸಲ ಹೇಳಿಸುತ್ತಿದ್ದರು. ನನಗೆ ಮಾತ್ರ ದೀಪಾವಳಿ ಬರುವಷ್ಟರಲ್ಲಿ ಪೂರ್ತಿ ತಿಳಿಯತೊಡಗಿತ್ತು. ಇಲ್ಲಿ ಅವನ ಮಾತನ್ನು ನಾನು ತಿಳಿದುಕೊಂಡಂತೆ ಬರೆಯುತ್ತೇನೆ, ಕೇಳಿಸಿದಂತಲ್ಲ.

ಆ ಕಾಲದ ಜಾಲತಾಣಗಳಿಗೆ ಒಂದು ಹುಚ್ಚಿತ್ತು. ಒಳಗೆ ಬಿಡುವ ಮುಂಚೆ ನೀನು ಮನುಷ್ಯನೋ ಯಂತ್ರವೋ ಎಂದು ಕೇಳುತ್ತಿದ್ದವು. ಚಿತ್ರ ತೋರಿಸಿ ಆರಿಸು ಅನ್ನುತ್ತಿದ್ದವು. ಅಲ್ಲಿಗೆ ನಾನು ಮನುಷ್ಯಳಲ್ಲ. ಗದ್ದಲದ ನಡುವೆ ಯಾರೋ ಅಂಕಿ ಹೇಳಿದ್ದನ್ನು ಕೇಳಿ ಬರೆ ಅನ್ನುತ್ತಿದ್ದವು. ಅಲ್ಲಿಗೆ ದ್ಯಾಮಣ್ಣ ಮನುಷ್ಯನಲ್ಲ. ಹಾಗಾಗಿ ಚಿತ್ರದ್ದು ಅವನು, ಸದ್ದಿನದು ನಾನು ಎಂದು ಹಂಚಿಕೊಂಡೆವು. ಒಂದು ಸಲ ಚಿತ್ರದಲ್ಲಿ, ಪರದೇಶದ ಬೀದಿಯಲ್ಲಿ ಬೆಂಕಿ ಆರಿಸುವ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿತು. ನಮ್ಮ ಊರಲ್ಲಿ ಅಂಥದ್ದನ್ನು ಕಂಡವರಾರು?

"ಹೆಂಗೈತಿ ಅದು?" ಎಂದು ಕೇಳಿದೆ.

ದ್ಯಾಮಣ್ಣ ಬಹಳ ಹೊತ್ತು ನೋಡಿ ಹೇಳಿದ: "ಕೆಂಪ ಸೀರಿ ಉಟ್ಟ ಕುಳ್ಳ ಅಜ್ಜಿ. ಎರಡೂ ಕೈ ಸೊಂಟದ ಮ್ಯಾಲೆ ಇಟ್ಕೊಂಡು ಜಗಳಕ್ಕ ನಿಂತಾಳ."

ಅಂದಿನಿಂದ ಅದು ಕೆಂಪ ಅಜ್ಜಿ. ಅವಳು ಬಂದ ದಿನ ನಮ್ಮ ಕೋಣೆಯಲ್ಲಿ ಹಬ್ಬ.

ಪುಟ ಪಾಸಾಯಿತೆಂದು ಹೇಳಲೂ ನಮ್ಮದೇ ಒಂದು ಪದ್ಧತಿ ಇತ್ತು. ನನ್ನ ಕಿವಿಗೆ ಒಪ್ಪಿಗೆಯಾದರೆ ನಾನು ಮೇಜಿಗೆ ಒಂದು ಏಟು ಹಾಕುತ್ತಿದ್ದೆ. ಅದರ ಅದುರು ಅವನ ಮೊಣಕೈಗೆ ತಿಳಿಯುತ್ತಿತ್ತು. ಅವನ ಕಣ್ಣಿಗೆ ಒಪ್ಪಿಗೆಯಾದರೆ ಅವನೊಂದು ಏಟು. ಎರಡೂ ಬಿದ್ದರೆ ಪಾಸು. ಒಂದೇ ಬಿದ್ದು ನಿಂತರೆ ಪುಟ ವಾಪಸು, ಎಷ್ಟೇ ದೊಡ್ಡವರದಾಗಿರಲಿ. ಮದುವೆಯ ಮಾತನ್ನೂ ಅವನು ಆ ಮೇಜಿನ ಮೇಲೇ ಕೇಳಿದ. ಅಂಗೈಯಲ್ಲಿ ಪ್ರಶ್ನೆ ಬರೆದು, ತಾನು ಮೊದಲು ಏಟು ಹಾಕಿ, ಉಸಿರು ಹಿಡಿದು ಕುಳಿತ. ನಾನು ಸ್ವಲ್ಪ ಸತಾಯಿಸಿ ಎರಡನೇ ಏಟು ಹಾಕಿದೆ.

ಮದುವೆಯಾದ ಮೇಲೂ ಅವನನ್ನು ಏಕವಚನದಲ್ಲೇ ಕರೆದೆ. ತುಟಿ ಓದುವವನಿಗೆ ಮಾತು ಚಿಕ್ಕದಿದ್ದಷ್ಟೂ ಸುಲಭ. ಪ್ರತಿಯೊಂದಕ್ಕೂ 'ರೀ' ಹಚ್ಚಿ ಉದ್ದ ಮಾಡಿದರೆ ಅವನಿಗೇ ಕಷ್ಟ. ನನ್ನ ಅತ್ತೆಗೆ ಇದು ಕಡೆಯವರೆಗೂ ಸರಿಬರಲಿಲ್ಲ.

ಆಮೇಲೆ 'ಸಮ' ಬಂತು.

ಅದು ಅಕ್ಕಿಕಾಳಿನಷ್ಟು ದೊಡ್ಡದು. ಈಗ ಎಲ್ಲರಿಗೂ, ಮಕ್ಕಳಿಗೂ, ಕಿವಿಯ ಹಿಂದೆ ಚರ್ಮದಡಿ ಇಡುತ್ತಾರೆ. ಯಾವ ಜಾಲತಾಣವನ್ನಾದರೂ ಅದು ಹಿಡಿದು, ಅವರವರ ದೇಹಕ್ಕೆ ಯಾವ ರೀತಿ ಬೇಕೋ ಆ ರೀತಿ ಕೊಡುತ್ತದೆ. ನನಗೆ ಮಾತಾಗಿ ತಲೆಯ ಎಲುಬಿನ ಮೂಲಕ ಕೇಳಿಸುತ್ತದೆ, ದ್ಯಾಮಣ್ಣನಿಗೆ ಕನ್ನಡಕದಲ್ಲಿ ಅಕ್ಷರವಾಗಿ ಕಾಣಿಸುತ್ತದೆ. ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಊರಿನ ಗೋಪುರಕ್ಕೆ ಕಳಿಸಿ, ರೆಪ್ಪೆ ಬಡಿಯುವಷ್ಟರಲ್ಲಿ ತಿದ್ದಿಸಿಕೊಂಡು ಬರುತ್ತದೆ. ಸುಳ್ಳು ಯಾಕೆ ಹೇಳಲಿ, ಮೊದಲ ಬಾರಿ ಯಾರ ಹಂಗೂ ಇಲ್ಲದೆ ನಾನೊಬ್ಬಳೇ ರೈಲಿನ ಟಿಕೆಟ್ ತೆಗೆದ ದಿನ ಕೂತು ಅತ್ತುಬಿಟ್ಟೆ. ಜೀವಮಾನವೆಲ್ಲ ಬೇಡಿದ್ದು ಅದನ್ನೇ ಅಲ್ಲವೇ? ಹೆಸರಿಲ್ಲದ ಬಟನ್‌ಗಳು ಹೋದವು. ಮನುಷ್ಯನೋ ಯಂತ್ರವೋ ಎಂಬ ಪ್ರಶ್ನೆ ಹೋಯಿತು. ಕೇಂದ್ರದಲ್ಲಿ ನಮಗೆ ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸಿದರು. ಕೆಂಪ ಅಜ್ಜಿಯನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಸಮದಲ್ಲಿ 'ಮುಖಾಮುಖಿ' ಎಂಬ ಹೊಸ ಸೌಲಭ್ಯ ಸೇರಿಸಿದರು. ಪುಟಗಳನ್ನು ತಿದ್ದಿದಂತೆ ಅದು ಮನುಷ್ಯರ ಮಾತನ್ನೂ ತಿದ್ದುತ್ತದೆ. ದ್ಯಾಮಣ್ಣನ ಗಂಟಲು, ದವಡೆ, ಎದೆಗೂಡು ಎಲ್ಲ ಅಳೆದು, ಕಿವಿ ಇದ್ದಿದ್ದರೆ ಈ ಮನುಷ್ಯನ ದನಿ ಹೇಗಿರುತ್ತಿತ್ತೆಂದು ಲೆಕ್ಕ ಹಾಕಿ, ಅವನ ನಿಜವಾದ ಸದ್ದನ್ನು ನಮ್ಮ ಕಿವಿಯಲ್ಲೇ ಅಳಿಸಿ, ಆ ಜಾಗದಲ್ಲಿ ಈ ದನಿಯನ್ನು ಕೂರಿಸುತ್ತದೆ. ಅವನಿಗೆ ನಮ್ಮ ಮಾತು ಅಚ್ಚುಕಟ್ಟಾದ ಸಾಲುಗಳಾಗಿ ಕನ್ನಡಕದಲ್ಲಿ ಹರಿಯುತ್ತದೆ. ಅವನು ಹಾಕಿಸೋಣ ಅಂದ. ನಾನೂ ಹೂಂ ಅಂದೆ.

ಮರುದಿನ ಬೆಳಿಗ್ಗೆ ಯಾರೋ ಗಂಡಸು ನನ್ನ ಪಕ್ಕದಲ್ಲೇ ನಿಂತು, "ನೀಲಾ, ಚಹಾ ಸಿದ್ಧವಾಗಿದೆ. ಕುಡಿಯುತ್ತೀಯಾ?" ಅಂದ. ತುಂಬು ದನಿ, ತಿದ್ದಿ ತೀಡಿದ ಮಾತು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ನಾನು ಬೆಚ್ಚಿ ಸೆರಗು ಎಳೆದುಕೊಂಡೆ.

"ಯಾರಪಾ ನೀ?"

"ನಾನು ದ್ಯಾಮಣ್ಣ," ಅಂದಿತು ಆ ದನಿ, ಬಹಳ ಸಂತೋಷದಿಂದ.

ಅವನ ಸಂತೋಷಕ್ಕೆ ಅಡ್ಡ ಬರುವುದು ಹೇಗೆ? ನಾಲ್ಕು ವರ್ಷದ ನಮ್ಮ ಮೊಮ್ಮಗಳು ಅರುಂಧತಿ ಅಲ್ಲಿಯತನಕ ಅಜ್ಜ ಬಾಯಿ ತೆರೆದರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು. ಈಗ ಅವನ ತೊಡೆಯಿಂದ ಇಳಿಯುತ್ತಿರಲಿಲ್ಲ. ಕಥೆ ಹೇಳು ಅನ್ನುತ್ತಿದ್ದಳು. ಅವನು ಹೇಳುತ್ತಿದ್ದ, ಒಂದರ ಮೇಲೊಂದು; ಇಷ್ಟು ವರ್ಷ ಎಲ್ಲಿ ಕೂಡಿಟ್ಟಿದ್ದನೋ. ಅಡುಗೆಮನೆಯಲ್ಲಿ ನಿಂತು ಕೇಳುವಾಗ ನನ್ನ ಎದೆ ತುಂಬಿ ಬರುತ್ತಿತ್ತು. ಚಹಾದಂಗಡಿಯವರು ಈಗ ಒಂದೇ ಸಲಕ್ಕೆ "ಬರ್ರಿ ಸಾಹುಕಾರ್ರ" ಅನ್ನುತ್ತಿದ್ದರು. ಬೀಗರ ಮನೆಯ ಮದುವೆಯಲ್ಲಿ ನಿಂತು ನಾಲ್ಕು ಮಾತಾಡಿ ಚಪ್ಪಾಳೆ ಹೊಡೆಸಿಕೊಂಡ.

ಆದರೆ ಎಲ್ಲರೂ ಹೋದ ಮೇಲೆ ಮನೆಯಲ್ಲಿ ನಾನು ಯಾರದೋ ಗಂಡನ ಜೊತೆ ಇದ್ದೆ. ಸಮ ಅವನ ಗೊರಕೆಯನ್ನೂ ಬಿಡಲಿಲ್ಲ. ಅದೂ ಸೋಸಿ ಬರುತ್ತಿತ್ತು. ಅವನು ಅಂಗೈಯಲ್ಲಿ ಬರೆಯುವುದನ್ನೂ ನಿಲ್ಲಿಸಿದ, ಬೇಕೇ ಆಗುತ್ತಿರಲಿಲ್ಲವಲ್ಲ. ಸಿಟ್ಟು ಬಂದು ಬೈದರೆ ಅವನು ತಣ್ಣಗೆ, "ನೀನು ಹೇಳುವುದು ಸರಿ" ಅನ್ನುತ್ತಿದ್ದ. ಒಮ್ಮೆ ತಡೆಯಲಾರದೆ ಹೇಳಿಯೇಬಿಟ್ಟೆ:

"ನನಗ ನಿನ್ನ ಮೊದಲಿನ ದನಿ ಬೇಕು."

ಆ ವಾರ್ತೆಯ ದನಿ, "ಜನ ನಕ್ಕ ದನಿ ಅದು, ನೀಲಾ. ಅವರ ಮುಖಗಳನ್ನು ನೋಡಿದವನು ನಾನು. ನೀನು ನೋಡಿಲ್ಲ," ಅಂದಿತು. ಕುರ್ಚಿ ಸರಿದ ಸದ್ದಾಯಿತು. ಅವನು ಹೊರಗೆ ಹೋದ.

ಅವನ ಆ ಮಾತು ನಿಜವಾಗಿತ್ತು, ಅದಕ್ಕೇ ಹೆಚ್ಚು ನೋಯಿತು. ಆದರೂ ನಾನು ಸುಮ್ಮನಿರುವ ಪೈಕಿ ಅಲ್ಲ. ಕೇಂದ್ರಕ್ಕೆ ಹೋದೆ. ಅಲ್ಲಿ ಈಗ ಸಮದ ನಿಯಂತ್ರಣ ಕೊಠಡಿ. ಅದರ ಮುಖ್ಯಸ್ಥೆ ನಾಜ್ನೀನ್ ಸವಣೂರ, ಒಂದು ಕಾಲಕ್ಕೆ ನನ್ನ ಕೈಕೆಳಗೆ ಕೆಲಸ ಕಲಿತವಳು.

"ಬರ್ರಿ ನೀಲಕ್ಕಾರ," ಎಂದು ಕೈ ಹಿಡಿದು ಕೂರಿಸಿದಳು. ಸುತ್ತ ಯಂತ್ರಗಳ ತಂಪು ಗಾಳಿ ಬೀಸುತ್ತಿತ್ತು. ನನ್ನ ಸಂಕಟ ಕೇಳಿ ನಿಟ್ಟುಸಿರು ಬಿಟ್ಟಳು. "ಒಂದು ಜೋಡಿಯೊಳಗ ತಿದ್ದುಪಡಿ ತಗಿಬೇಕಂದ್ರ ಇಬ್ಬರೂ ಒಪ್ಪಬೇಕ್ರಿ. ಒಬ್ಬರ ಸೌಲಭ್ಯ ಇನ್ನೊಬ್ಬರು ಕಸಗೋಬಾರದು ಅಂತ ಕಾಯ್ದೆ ಐತಿ."

"ಒಪ್ಪಿಸೂದು ನನಗ ಬಿಡು. ಎಲ್ಲಿ ಒಪ್ಪಬೇಕು, ಅದನ್ನ ಹೇಳು."

ನಾಜ್ನೀನ್ ಸ್ವಲ್ಪ ನಾಚಿಕೆಯಿಂದ ಹೇಳಿದಳು: "ಅದಕ್ಕೊಂದು ಹಳೇ ಕಾಲದ ಜಾಲತಾಣ ಐತ್ರಿ. ಹೋದ ವರ್ಷ ಮುಖಾಮುಖಿ ಬಂದಾಗ ಈ ಕಾಯ್ದೆದ ಪ್ರಶ್ನೆ ಅದರಾಗ ಸೇರಿಸಿಟ್ರು. ಅದಕ್ಕ ಇನ್ನೂ ಮನುಷ್ಯರ ಪರೀಕ್ಷೆ ಐತಿ. ಹತ್ರ ಸಮ ಇದ್ರ ಯಂತ್ರ ಬಂತು ಅಂತ ಪುಟ ಮುಚ್ಕೊಂಡು ಬಿಡತೈತಿ."

"ಮತ್ತ ಕಣ್ಣಿಲ್ಲದವರು ಏನ್ ಮಾಡಬೇಕ?"

"ಯಾರೂ ಆ ಪುಟಕ್ಕ ಬಂದೇ ಇಲ್ರಿ. ಹಂಗಾಗಿ ಯಾರೂ ಕೇಳಿಲ್ಲ."

ಅಂಗವಿಕಲರ ಹಕ್ಕಿನ ಪುಟಕ್ಕೇ ಅಂಗವಿಕಲರು ಹೋಗುವ ಹಾಗಿಲ್ಲ! ನಮ್ಮ ಕಾಲದಲ್ಲಾಗಿದ್ದರೆ ಮಾಡಿದವರನ್ನು ಕರೆಸಿ ಮೂರು ದಿನ ಬೈಯುತ್ತಿದ್ದೆ. ಆದರೆ ಆ ಸಿಟ್ಟಿನ ನಡುವೆಯೇ ಏನೋ ಹೊಳೆಯಿತು.

"ನಾಜ್ನೀನ್, ತಾಮ್ರದ ಖೋಲಿ ಇನ್ನೂ ಐತೇನು?"

"ಐತ್ರಿ. ಗುಜರಿ ತುಂಬೇವಿ." ಮಾತು ಅರ್ಧಕ್ಕೆ ನಿಂತಿತು. ಅವಳಿಗೂ ಹೊಳೆದಿರಬೇಕು. ಆ ಕೋಣೆಯೊಳಗೆ ಗೋಪುರದ ಅಲೆ ಬರುವುದಿಲ್ಲ. ಅಲ್ಲಿ ಸಮ ನಿದ್ದೆ ಹೋಗುತ್ತದೆ. ಹಳೆಯ ಕಂಪ್ಯೂಟರಿಗೆ ತಂತಿಯ ಮೂಲಕ ಜಾಲ ಸಿಗುತ್ತದೆ.

ಮನೆಗೆ ಬಂದು ದ್ಯಾಮಣ್ಣನಿಗೆ ಏನನ್ನೂ ಮುಚ್ಚಿಡದೆ ಹೇಳಿದೆ. ಒಮ್ಮೆ ಬಾ, ಪುಟ ನೋಡು, ಆಮೇಲೆ ಬೇಡವೆಂದರೆ ಮತ್ತೆಂದೂ ಕೇಳುವುದಿಲ್ಲ ಅಂದೆ. "ಬರುತ್ತೇನೆ," ಅಂದಿತು ಆ ದನಿ. "ಆದರೆ ಆ ಕೋಣೆಯಲ್ಲಿ ನಾನು ಮಾತನಾಡುವುದಿಲ್ಲ."

ಹೊಸ್ತಿಲು ದಾಟಿ, ನಾಜ್ನೀನ್ ಹೊರಗಿನಿಂದ ಬಾಗಿಲು ಹಾಕಿದ ಕೂಡಲೇ ನನ್ನ ಕಿವಿಯ ಹಿಂದಿನ ಸಣ್ಣ ಝೇಂಕಾರ ನಿಂತಿತು. ಎಷ್ಟೋ ವರ್ಷದ ಮೇಲೆ ಕೋಣೆ ಕೋಣೆಯ ಹಾಗೆ ಕೇಳಿಸಿತು. ಧೂಳಿನ ವಾಸನೆ, ಬಿಸಿಯಾದ ತಂತಿಯ ವಾಸನೆ, ಹಳೆಯ ಮೇಜು. ಅದರ ಅಂಚಿನಲ್ಲಿ ನಾನು ಉಗುರಿನಿಂದ ಕೆರೆದ ಗೀರು ಇನ್ನೂ ಇತ್ತು. ದ್ಯಾಮಣ್ಣನ ಉಸಿರು ಕೇಳಿಸುತ್ತಿತ್ತು. ಸೋಸದ ಉಸಿರು. ಅವನು ನನ್ನ ಅಂಗೈ ಬಿಡಿಸಿ ಬರೆದ: ಶುರು ಮಾಡು.

ಹಳೆಯ ಕಂಪ್ಯೂಟರು ಪುಟವನ್ನು ಓದತೊಡಗಿತು. ಮೊದಲ ಸಾಲೇ "ಬಟನ್, ಬಟನ್, ಬಟನ್." ನನಗೆ ನಗುವೂ ಬಂತು, ಸಿಟ್ಟೂ ಬಂತು. ಆಮೇಲೆ ಪರೀಕ್ಷೆ. ಪರದೆಯ ಮೇಲೆ ಒಂದು ಚಿತ್ರ, ಕಿವಿಗೆ ಮೂರು ಸದ್ದು. ಚಿತ್ರಕ್ಕೆ ಹೊಂದುವ ಸದ್ದನ್ನು ಆರಿಸಬೇಕು. ಒಂದಾದ ಮೇಲೆ ಒಂದರಂತೆ ಚಿತ್ರ ಬದಲಾಗುತ್ತದೆ, ಹೊತ್ತು ಮೀರಿದರೆ ಮೊದಲಿನಿಂದ. ಯಂತ್ರಗಳನ್ನು ಸೋಲಿಸಲು ಕಣ್ಣು ಕಿವಿ ಎರಡನ್ನೂ ಸೇರಿಸಿ ಮಾಡಿದ್ದರು. ಒಬ್ಬಳೇ ಆಗಿದ್ದರೆ ನಾನು ಸಾಯುವತನಕ ಅಲ್ಲೇ ಕೂರಬೇಕಿತ್ತು. ಅವನದೂ ಅದೇ ಗತಿ.

ದ್ಯಾಮಣ್ಣ ಅಂಗೈಯಲ್ಲಿ ಬರೆದ: ರೊಟ್ಟಿ. ನಾನು ಮೂರೂ ಸದ್ದು ಕೇಳಿ ರೊಟ್ಟಿ ಬಡಿಯುವ ಸದ್ದನ್ನು ಒತ್ತಿದೆ. ಅವನು ಬರೆದ: ಕು, ಕ್ಕ, ರ. ಅಷ್ಟರಲ್ಲಿ "ಸಮಯ ಮುಗಿಯಿತು" ಅಂದಿತು ಪುಟ. ಮತ್ತೆ ಮೊದಲಿನಿಂದ. ಮತ್ತೆ ಮುಗಿಯಿತು. ಅವನ ಬೆರಳಿಗೂ ವಯಸ್ಸಾಗಿತ್ತು.

"ಬಾಯಿಲೆ ಹೇಳೋ," ಎಂದು ಅವನ ಕಡೆ ಮುಖ ತಿರುಗಿಸಿ ಹೇಳಿದೆ. ಅವನು ಅಂಗೈಯಲ್ಲಿ ಜೋರಾಗಿ ಬರೆದ: ಇಲ್ಲ.

ನನ್ನ ಸಹನೆ ಮುಗಿಯಿತು. ಪುಟ ಮಾಡಿದವನನ್ನು, ಅವನಿಗೆ ಕಲಿಸಿದವನನ್ನು, ಸಮವನ್ನು, ಗೋಪುರವನ್ನು ಹುಬ್ಬಳ್ಳಿಯ ಮಾತಿನಲ್ಲಿ ಸಾಲಾಗಿ ಬೈದೆ. ಬರೆಯುವಂಥವಲ್ಲ ಅವು. ಪಕ್ಕದಲ್ಲಿ ಕುರ್ಚಿ ಅಲುಗಾಡತೊಡಗಿತು. ಅವನು ನಗುತ್ತಿದ್ದ. ನಗುತ್ತಿರುವಾಗಲೇ ಚಿತ್ರ ಬದಲಾಗಿರಬೇಕು, ಇದ್ದಕ್ಕಿದ್ದಂತೆ ಮೇಜು ಅದುರುವಂತೆ ಕೂಗಿದ:

"ಕೆಂಪ ಅಜ್ಜಿ! ನೀಲಾ, ಕೆಂಪ ಅಜ್ಜಿ ಬಂದಾಳ!"

ಅದೇ ದನಿ. ಗಂಟಲಿನಲ್ಲಿ ಉಜ್ಜಿಕೊಂಡು, ಅರ್ಧ ಅಕ್ಷರ ಬಿಟ್ಟು, ಸೀಳಿಕೊಂಡು ಬಂದ ದನಿ. ನೀರು ಚಿಮ್ಮುವ ಸದ್ದನ್ನು ಹುಡುಕಿ ಒತ್ತಿದೆ. "ಕುಕ್ಕರ!" ಅಂದ. ಸೀಟಿಗಳು ಎರಡಿದ್ದವು, ರೈಲಿನದೊಂದು ಕುಕ್ಕರಿನದೊಂದು, ಸರಿಯಾದದ್ದನ್ನು ಒತ್ತಿದೆ. "ಕತ್ತರಿ!" ಒತ್ತಿದೆ. ಇಬ್ಬರೂ ಮೈಮರೆತು ಆಡುವ ಮಕ್ಕಳ ಹಾಗೆ ಕೂಗುತ್ತಿದ್ದೆವು. "ನೀವು ಮನುಷ್ಯರು. ಸ್ವಾಗತ," ಅಂದಿತು ಪುಟ.

ಪುಟದಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಈ ಇಬ್ಬರ ನಡುವೆ ಮಾತಿನ ತಿದ್ದುಪಡಿಯನ್ನು ತೆಗೆಯಬೇಕೇ? ಅದನ್ನು ಓದಿಸಿ ಮುಗಿಸಿ ನಾನು ಮೇಜಿಗೆ ಒಂದು ಏಟು ಹಾಕಿದೆ. ಕೈ ಹಾಗೇ ಮೇಜಿನ ಮೇಲಿಟ್ಟು ಕಾದೆ. ಎರಡನೇ ಏಟು ಬರಲಿಲ್ಲ.

"ಅರು ಅಂಜತಾಳ," ಅಂದ ಕೊನೆಗೆ, ತನ್ನ ದನಿಯಲ್ಲೇ, ಮೆಲ್ಲಗೆ. "ಮತ್ತ ನಿನ್ನ ಹಿಂದ ಅಡಗತಾಳ."

"ಇದು ಬರೇ ನಮ್ಮಿಬ್ಬರ ನಡುವಿಂದು. ಅರೂಗ ನೀ ಹಂಗೇ ಕಥಿ ಹೇಳು. ನಾ ಬ್ಯಾಡ ಅಂದಿಲ್ಲ, ಅನ್ನೂದೂ ಇಲ್ಲ."

"ಏನೈತಿ ನೀಲಾ ಈ ದನಿಯೊಳಗ? ನಾ ಅಂತೂ ಕೇಳಿಲ್ಲ. ಕೇಳಿದವರೆಲ್ಲ ಮಾರಿ ಕಿವಚತಾರ."

ನಾನು ಅವನ ಕೈ ಹುಡುಕಿ ಹಿಡಿದುಕೊಂಡೆ. "ನಿನ್ನ ಮಾರಿ ನಾ ನೋಡಿಲ್ಲ. ನನಗ ನಿನ್ನ ಮಾರಿ ಅಂದ್ರ ಈ ದನೀನ. ಅದನ್ನ ತಿದ್ದಿ ಬ್ಯಾರೆ ಯಾರದೋ ಮಾರಿ ಹಚ್ಯಾರ. ಚಂದ ಐತಿ. ಆದ್ರ ನಿಂದಲ್ಲ."

ಅವನ ಬೆರಳು ನನ್ನ ತುಟಿಯ ಹತ್ತಿರ ಬಂದು ನಿಂತಿತು.

"ನೀ ಈಗ ಬೈದ್ಯಲ್ಲ," ಅಂದ, "ಪೂರಾ ಓದಿದೆ. ಕನ್ನಡಕದಾಗ ನಿನ್ನ ಬೈಗುಳ ಬರೂದೇ ಇಲ್ಲ. 'ನನಗೆ ಬೇಸರವಾಗಿದೆ' ಅಂತ ಬರತೈತಿ. ಅದನ್ನ ಓದಿಕೋತ ಕುಂತು, ನಿನ್ನ ಮಾರಿ ನೋಡೂದೇ ಬಿಟ್ಟಿದ್ದೆ ನೋಡು. ನಿನ್ನ ಕೂದಲಾ ಇಷ್ಟು ಬೆಳ್ಳಗ ಯಾವಾಗ ಆದ್ವು?"

ನನಗೆ ಅಳು ಬಂತು. ಆಗ ಮೇಜು ಅದುರಿತು. ಒಂದೇ ಏಟು, ಗಟ್ಟಿಯಾಗಿ.

ಇಬ್ಬರೂ ಸೇರಿ ಬಟನ್ ಒತ್ತಿದೆವು. ಪುಟ ಮಾತ್ರ ಫೇಲು. ಅದರಲ್ಲಿ ನಮಗಿಬ್ಬರಿಗೂ ಸಂದೇಹವಿರಲಿಲ್ಲ. ಹೊಸದಾಗಿ ಮಾಡಿಸಲೇಬೇಕೆಂದು ಬಾಗಿಲು ತೆರೆದ ನಾಜ್ನೀನಳಿಗೆ ಅಲ್ಲೇ ತಾಕೀತು ಮಾಡಿದೆ. ಎಲ್ಲರಿಗೂ ನಮ್ಮ ಹಾಗೆ ಜೊತೆಗೊಬ್ಬರು ಇರುತ್ತಾರೆಯೇ? "ಇದೇ ತಿಂಗಳು ಮಾಡಸ್ತೇನ್ರಿ ಅಕ್ಕಾರ," ಅಂದಳು. ಬರೀ ಮಾತಿಗೆ ಅಂದದ್ದಲ್ಲ, ಅವಳ ದನಿ ನನಗೆ ಗೊತ್ತು.

ಹೊರಗೆ ಹೊರಟಂತೆ ಕಿವಿಯ ಹಿಂದೆ ಝೇಂಕಾರ ಮರಳಿತು. ಸಮ ಎದ್ದಿತ್ತು. ನನಗೆ ಭಯವಾಯಿತು. ಪುಟ ಹಳೆಯದು, ಬಟನ್ ಕೆಲಸ ಮಾಡಿದೆಯೋ ಇಲ್ಲವೋ, ಈಗ ಅವನು ಬಾಯಿ ತೆರೆದರೆ ಯಾರು ಮಾತಾಡುತ್ತಾರೋ ಎಂದು ಮೈಯೆಲ್ಲ ಕಿವಿಯಾಗಿ ಹೆಜ್ಜೆ ಎತ್ತಿದೆ.

"ಈಆ," ಎಂದು ಹಿಂದಿನಿಂದ ಒರಟು ಕೂಗು ಬಂತು. "ಓಇಲು!"

ನಾನು ಕಾಲು ಎತ್ತರಕ್ಕೆತ್ತಿ ಹೊಸ್ತಿಲು ದಾಟಿದೆ.